ಕೈ ಎತ್ತಿದಾಗಿನ ಅಳತೆ

ಮೂರನೆಯ ಸಲವೂ ಅಲ್ಲೇ ಹರಿದಿತ್ತು:
ಎದೆಗಂಟಿದ ಮೆತ್ತನೆ ಪಟ್ಟಿ
ಸೊಂಟದ ಗಟ್ಟಿ ಡಬ್ಬಿಯನ್ನು ಸೇರುವ ಕಡೆ,
ಅಕ್ಕಿಕಾಳಿನಷ್ಟು ಜಾಗದಲ್ಲಿ.

ವಿರಾಜಪೇಟೆ ಆಸ್ಪತ್ರೆಯ ಹಿಂದಿನ ಕೋಣೆ,
ಕೆಟ್ಟುನಿಂತ ಬಿ.ಪಿ. ಮಷೀನುಗಳ ನಡುವೆ ನನ್ನ ಮೇಜು.
ಭೂತಗನ್ನಡಿ ಹಿಡಿದೆ. ತಾಮ್ರದ ಎಳೆ
ಕಡಿದದ್ದಲ್ಲ, ದಣಿದದ್ದು.
ಬಾಗಿ ಬಾಗಿ, ಒಂದು ದಿನ ಸಾಕೆನಿಸಿ, ಬಿಟ್ಟದ್ದು.

ಕಂಪನಿಗೆ ಬರೆದೆ. ಉತ್ತರ ಬಂತು:
ರೋಗಿ ಆದಷ್ಟು ಅಲುಗದಿರಲಿ.

ಅಲುಗದಿದ್ದರೆ ಬೊಳ್ಕನಿಗೆ ರೋಗವೇ ಇಲ್ಲ.
ಮಂಚದ ಮೇಲೆ ಅವನ ಎದೆ
ಇನ್‌ಸ್ಪೆಕ್ಟರು ಬಂದ ದಿನದ ಶಾಲೆ.
ತಪ್ಪುವುದು ಏಣಿಯ ಮೇಲೆ ಮಾತ್ರ.
ಒಂಟಿ ಬಿದಿರು, ಗಿಣ್ಣಿಗೊಂದು ಹೆಜ್ಜೆ,
ಸಿಲ್ವರ್ ಓಕಿಗೆ ಒರಗಿ
ಮೆಣಸಿನ ಗೊಂಚಲಿಗೆ ಕೈ ಚಾಚುವಾಗ
ಕಣ್ಣು ಕತ್ತಲೆ.
"ಯಾರೋ ಒಳಗೆ ಎಡವಿದ ಹಾಗೆ ಅಕ್ಕ."

ಆ ಎಡವಿದ ಕ್ಷಣ ನಮಗೆ ಬೇಕು.
ಆ ಕ್ಷಣಕ್ಕೇ ವೈರು ಹರಿಯುತ್ತದೆ.

ಸಿಟ್ಟಿನಲ್ಲಿ ಹೊರಬಿದ್ದೆ. ರವಿಕೆ ತರಲಿಕ್ಕಿತ್ತು.
ಗಡಿಯಾರ ಕಂಬದಾಚೆ, ಮೆಟ್ಟಿಲ ಕೆಳಗಿನ ಅಂಗಡಿ.
ಕುಂಞಾಮಿನ ಹಲ್ಲಲ್ಲಿ ದಾರ ಕಚ್ಚಿಕೊಂಡೇ
ನನ್ನ ಕೈಯ ಪಟ್ಟಿ ನೋಡಿದಳು:
"ಇದು ಟಿಚ್ ಬಟನ್ ಅಲ್ಲವಾ?"

ಹೌದಲ್ಲ.
ಹದಿನಾಲ್ಕು ವರ್ಷ ಎದೆ ಎದೆಗೆ ಅಂಟಿಸಿದ್ದೇನೆ,
ಎಲೆಕ್ಟ್ರೋಡ್ ಎಂದೇ ಕರೆದಿದ್ದೇನೆ.
ಒತ್ತಿದರೆ ಅದೇ ಟಿಚ್.

"ಅಳತೆ ಯಾರು ತೆಗೆದದ್ದು?"
ಅಳತೆ ಎಂಥದ್ದು, ಡಬ್ಬಿಯ ಜೊತೆಗೇ ಬರುತ್ತದೆ.
"ಹಾಗಾದರೆ ಕೈ ಇಳಿಬಿಟ್ಟು ತೆಗೆದದ್ದು.
ರವಿಕೆ ಕಂಕುಳಲ್ಲಿ ಹರಿಯುವುದು ಬಟ್ಟೆ ಕೆಟ್ಟದೆಂದಲ್ಲ.
ನನ್ನೆದುರು ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ,
ಮನೆಗೆ ಹೋಗಿ ಅಟ್ಟದ ಡಬ್ಬ ತೆಗೆಯುತ್ತಾರೆ.
ಕರಕೊಂಡು ಬನ್ನಿ ಅವನನ್ನು."

ಬೊಳ್ಕ ಬಂದ. ಅಂಗಿ ಬಿಚ್ಚಲು ನಾಚಿದ.
"ಗೋಡೆಗೆ ಏಣಿ ಉಂಟು ಅಂತ ತಿಳಕೋ, ಹತ್ತು."
ಹತ್ತಿದ. ಬರಿ ಗಾಳಿಯಲ್ಲಿ,
ಎಡಮೊಣಕಾಲು ಮಡಚಿ, ಬಲಗೈ ಮೇಲಕ್ಕೆ,
ಇಲ್ಲದ ಗೊಂಚಲಿನ ತೊಟ್ಟು ಚಿವುಟುತ್ತ.
ಟೇಪು ಪಕ್ಕೆಯ ಮೇಲೆ ಓಡಿತು:
ಕೈ ಇಳಿದಾಗ ಒಂಬತ್ತು ಇಂಚು,
ಎತ್ತಿದಾಗ ಹನ್ನೆರಡೂವರೆ.

ಮೂರೂವರೆ ಇಂಚು.
ಅಷ್ಟು ಮನುಷ್ಯನನ್ನು ನಾವು
ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬೆಳ್ಳಿ ಲೇಪದ ದಾರದ ಉಂಡೆ ನನ್ನ ಡ್ರಾಯರಿನಲ್ಲಿತ್ತು,
ಯಾವುದೋ ತರಬೇತಿಯಲ್ಲಿ ಕೊಟ್ಟದ್ದು.
ಎಲಾಸ್ಟಿಕ್ಕಿನ ಮೇಲೆ ಅವಳು ನೇರ ಹೊಲಿಯಲಿಲ್ಲ.
ಮಾಕುಟ್ಟದ ಘಾಟಿ ಇಳಿದಂತೆ
ತಿರುವು, ಮತ್ತೆ ತಿರುವು.
ನೆಟ್ಟಗೆ ಎಳೆದ ದಾರಿಗೆ
ಬೆಟ್ಟ ಒಮ್ಮೆ ಮೈಮುರಿದರೆ ಸಾಕು.

ಡಬ್ಬಿಯ ತುದಿಗೆ ಪದರ ಕೊಟ್ಟಳು:
ಒಂದು, ಅದರ ಮೇಲೆ ಗಿಡ್ಡದ್ದೊಂದು, ಇನ್ನೂ ಗಿಡ್ಡದ್ದು.
"ಮೆತ್ತಗಿದ್ದದ್ದು ಗಟ್ಟಿಗೆ ಒಮ್ಮೆಗೇ ಸೇರಬಾರದು,
ಹೊಸ ಸೊಸೆಗೆ ಅಡುಗೆಮನೆ ಬಿಟ್ಟಂತೆ, ಸ್ವಲ್ಪ ಸ್ವಲ್ಪ."
ಹೇಳಿ ತಾನೇ ನಕ್ಕಳು. ಯಾರ ನೆನಪೋ.

ಮರುದಿನದ ಕಾಗದ. ಹನ್ನೊಂದು ಇಪ್ಪತ್ತು.
ಕೆಳಗೆ ಉಸಿರಿನ ಗೆರೆ ಕಡಿಯದೆ ಓಡುತ್ತಿತ್ತು,
ಮೇಲೆ ಎದೆಯ ಗೆರೆ ಮಲಗಿತ್ತು, ಮೂರು ಸೆಕೆಂಡು,
ಮತ್ತೆ ಎದ್ದು ಹೊರಟಿತ್ತು.
ವೈರಿನದಲ್ಲ, ಮೊದಲ ಬಾರಿ,
ಅವನದೇ ಮೌನ.

ಆಗ ಏನು ಮಾಡ್ತಿದ್ದೆ?
"ಕೈ ಬದಲಿಸ್ತಿದ್ದೆ ಅಕ್ಕ.
ಒಂದು ಬಿಟ್ಟಿತ್ತು, ಇನ್ನೊಂದು ಹಿಡಿದಿರಲಿಲ್ಲ."

ಡಾಕ್ಟರು ಮೈಸೂರಿಗೆ ಚೀಟಿ ಬರೆದರು.
ಬಸ್ಸು ಹತ್ತುವ ಮುನ್ನ ಬೊಳ್ಕ
ಪಟ್ಟಿ ಬಿಚ್ಚಿಕೊಡಲು ಮರೆತ, ಅಥವಾ ಮರೆತಂತೆ ಮಾಡಿದ.

ಕುಂಞಾಮಿನಳ ಬಿಲ್ಲು ಆಫೀಸಿನಲ್ಲಿ ಕೂತಿದೆ:
ಒಳ ಅಂಗಿ ರಿಪೇರಿ, ಒಂದು, ಅರವತ್ತು ರೂಪಾಯಿ.
ಯಾವ ಲೆಕ್ಕಕ್ಕೆ ಬರೆಯಲಿ, ಯಂತ್ರವೋ ಬಟ್ಟೆಯೋ,
ಗುಮಾಸ್ತ ಉತ್ತಯ್ಯನವರು ದಿನಾ ಕೇಳುತ್ತಾರೆ.
ಎರಡರ ನಡುವೆ ಅವರ ಪುಸ್ತಕದಲ್ಲಿ
ಗೆರೆ ಇದೆ, ಜಾಗ ಇಲ್ಲ.

ನನ್ನ ರವಿಕೆ ಇನ್ನೂ ಹೊಲಿದಿಲ್ಲ.
ಹೋದರೆ ಟೇಪು ತೆಗೆದು
ಕೈ ಎತ್ತಿ, ಎನ್ನುತ್ತಾಳೆ.